ಇಳಿಬಾವಿಗೆ ಹೇಳಿದ್ದು

ನಮ್ಮೂರಿನಲ್ಲಿ ನೀರಿನ ಎದುರಿಗೆ ಬಾಯಿ ಬಿಡುವಾಗ ಸ್ವಲ್ಪ ಎಚ್ಚರ ಇರಬೇಕು. ಎಲ್ಲ ನೀರಿನ ಎದುರಿಗೂ ಅಲ್ಲ. ಕುಡಿಯುವ ನೀರು, ಬಚ್ಚಲ ನೀರು, ಕೆರೆಯ ನೀರು ಇವೆಲ್ಲ ಬೇರೆ ಊರುಗಳಲ್ಲಿ ಇರುವಂಥವೇ. ಏನು ಬೈದರೂ ಸುಮ್ಮನಿರುತ್ತವೆ. ನಾನು ಹೇಳುವುದು ಇಳಿಬಾವಿಯ ನೀರಿನ ಮಾತು. ಆ ಬಾವಿಗೆ ನೀರು ಇಳಿಸುವ ಕೆಲಸವನ್ನು ನಾನು ಐವತ್ತು ವರ್ಷ ಮಾಡಿದ್ದೇನೆ. ನನ್ನ ಹೆಸರು ಹುಚ್ಚೀರಪ್ಪ. ಓದಿದ್ದು ಎರಡನೇ ಇಯತ್ತೆ. ಮೂರನೆಯದಕ್ಕೆ ಹೋಗಬೇಕಾದ ದಿನ ಅಪ್ಪ ಹೊಲಕ್ಕೆ ಕರೆದೊಯ್ದ. ಹದಿನಾರಕ್ಕೆ ಊರಿನವರು ಕೈಗೆ ಕೊಡ ಕೊಟ್ಟರು. ಅದನ್ನು ಕೆಳಗಿಡಲು ಪುರುಸೊತ್ತೇ ಆಗಲಿಲ್ಲ.

ನಮ್ಮೂರು ಬದುಕಿರುವುದು ನೆಲದೆಣ್ಣೆಯ ಮೇಲೆ. ಊರ ಮೂಡಣಕ್ಕೆ ಏರುಬಾವಿ, ಪಡುವಣಕ್ಕೆ ಇಳಿಬಾವಿ. ಏರುಬಾವಿಯ ಮೇಲೆ ಕಬ್ಬಿಣದ ಏತವೊಂದಿದೆ. ಅದು ಹಗಲೆಲ್ಲ ತಲೆ ಬಾಗಿಸಿ, ತಲೆ ಎತ್ತಿ, ಎಣ್ಣೆಯನ್ನು ಮೇಲಕ್ಕೆಳೆಯುತ್ತದೆ. ಹೊರಗಿನವರು ನೋಡಿ, ಕೆಳಗೆ ಎಣ್ಣೆಯ ದೊಡ್ಡ ಕೆರೆ ಇರಬೇಕು ಎಂದುಕೊಳ್ಳುತ್ತಾರೆ. ಕೆರೆಯೂ ಇಲ್ಲ, ಹಳ್ಳವೂ ಇಲ್ಲ. ಇರುವುದು ಕಲ್ಲು. ಆ ಕಲ್ಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು, ಅವುಗಳೊಳಗೆ ಎಣ್ಣೆ ಅವಿತು ಕೂತಿರುತ್ತದೆ. ಎಣ್ಣೆಯ ಕೆಳಗೆ ಹಳೇ ಕಾಲದ ಉಪ್ಪುನೀರು. ಏತ ಎಳೆಯುತ್ತದೆ ನಿಜ, ಆದರೆ ಎಣ್ಣೆಯನ್ನು ಹೊತ್ತು ತರುವುದು ನೀರು. ಸಂತೆಯ ಬಾಗಿಲಲ್ಲಿ ಹಿಂದಿನವರು ಮುಂದಿನವರನ್ನು ನೂಕುವ ಹಾಗೆ, ನೀರು ಹಿಂದಿನಿಂದ ನೂಕುತ್ತ ನೂಕುತ್ತ ಎಣ್ಣೆಯನ್ನು ಏರುಬಾವಿಯ ಬಾಯಿಗೆ ತಂದು ಬಿಡುತ್ತದೆ. ಆದ್ದರಿಂದ ಅಲ್ಲಿ ಎಷ್ಟು ಮೇಲೆ ಬಂತೋ ಅಷ್ಟು ನೀರನ್ನು ಇಲ್ಲಿ ಕೆಳಗೆ ಇಳಿಸಬೇಕು. ಇಳಿಸದಿದ್ದರೆ ನೂಕುವವರು ಇಲ್ಲದೆ ಎಣ್ಣೆ ಕಲ್ಲಿನಲ್ಲೇ ಮಲಗಿಬಿಡುತ್ತದೆ.

ಮೇಲೆ ಬಂದದ್ದು ದೊಡ್ಡ ತೊಟ್ಟಿಯಲ್ಲಿ ನಿಲ್ಲುತ್ತದೆ. ಎಣ್ಣೆ ತೇಲುತ್ತದೆ, ಜೊತೆಗೆ ಬಂದ ನೀರು ತಳಕ್ಕೆ ಹೋಗುತ್ತದೆ. ಆ ನೀರು ಕಾಲುವೆಯಲ್ಲಿ ಊರನ್ನು ಬಳಸಿಕೊಂಡು ನನ್ನ ಹತ್ತಿರ ಬರುತ್ತದೆ. ನಾನು ಕೊಡದಲ್ಲಿ ತುಂಬಿ ಇಳಿಬಾವಿಗೆ ಇಳಿಸುತ್ತೇನೆ. ಹಾಗೆ ಇಳಿಸುವಾಗ ಯಾರಾದರೂ ಏನಾದರೂ ಮಾತಾಡಿದರೆ ಆ ಮಾತೂ ನೀರಿನ ಜೊತೆ ಕೆಳಗೆ ಹೋಗುತ್ತದೆ. ಕಲ್ಲಿನೊಳಗೆ ಸುತ್ತಾಡಿ, ಮೂರೋ ನಾಲ್ಕೋ ವರ್ಷದ ಮೇಲೆ ಎಣ್ಣೆಯ ಜೊತೆ ತೊಟ್ಟಿಗೆ ಬಂದು, ಗುಳ್ಳೆ ಒಡೆದು, ಆಡಿದವರ ದನಿಯಲ್ಲೇ ಕೇಳಿಸುತ್ತದೆ.

ಊರಿನವರಿಗೆ ಇದು ರೂಢಿಯಾಗಿ ಹೋಗಿದೆ. ಇಳಿಬಾವಿಯ ದಾರಿಯಲ್ಲಿ ಜಗಳ ಆಡುತ್ತ ಬಂದವರೂ ಬೇವಿನ ಗಿಡ ದಾಟಿದ ಕೂಡಲೇ ಬಾಯಿ ಮುಚ್ಚುತ್ತಾರೆ. ಆದರೂ ಮನುಷ್ಯರಲ್ಲವೇ. ಸೊಸೆಯೊಬ್ಬಳು ಅತ್ತೆಯನ್ನು ಬೈದದ್ದು ತಡವಾಗಿ, ಅವಳೇ ಅತ್ತೆಯಾದ ತಿಂಗಳು ಮೇಲೆ ಬಂತು. ಅವಳ ಸೊಸೆ ನಿಂತು ಪೂರಾ ಕೇಳಿ, “ಅತ್ತಿ, ಒಂದೂ ಮಾತು ಬಿಡದಂಗ ನಾನೂ ಇದನ್ನ ಅನ್ನಾಕಿದ್ದೆ ನೋಡ್ರಿ” ಅಂದಳು. ಕಾವಲುಗಾರನೊಬ್ಬ ಬಾವಿಕಟ್ಟೆಯ ಮೇಲೆ ನಿದ್ದೆ ಹೋಗಿದ್ದ. ನಾಲ್ಕು ವರ್ಷದ ಮೇಲೆ ಮೂರು ದಿನ ತೊಟ್ಟಿ ಗೊರಕೆ ಹೊಡೆಯಿತು. ಬಸುರಿಯರು ಬಂದು ಹುಟ್ಟಲಿರುವ ಕೂಸಿಗೆ ಒಂದು ಮಾತು ಹೇಳಿಹೋಗುವ ಪದ್ಧತಿಯೂ ಇದೆ. ಕೂಸು ಓಡಾಡುವ ಹೊತ್ತಿಗೆ ಅದು ಬರುತ್ತದೆ. ಹೆಚ್ಚಿನ ತಾಯಂದಿರು ಹೇಳುವುದು ಒಂದೇ: “ಉಂಡೇನು?”

ನಾನು ಮಾತು ಕಡಿಮೆಯವನು. ಅದಕ್ಕೇ ನನಗೆ ಈ ಕೆಲಸ ಕೊಟ್ಟಿದ್ದರು. ಐವತ್ತು ವರ್ಷದಲ್ಲಿ ಇಳಿಬಾವಿಯ ಎದುರು ನಾನು ಬಾಯಿ ಬಿಟ್ಟದ್ದು ಒಂದೇ ಸಲ. ಆಗ ನನಗೆ ಇಪ್ಪತ್ತೈದು.

ಬಾಳವ್ವ ಆಗ ಕಾಲುವೆಯ ಪಕ್ಕದ ಮನೆಯ ಹುಡುಗಿ. ದನ ಹೊಡೆದುಕೊಂಡು ಬಾವಿಯ ಮುಂದೆ ಹೋಗುವಳು. ಊರ ಗಂಡಸರನ್ನೆಲ್ಲ ಅಣ್ಣಾ, ಕಾಕಾ, ಮಾವಾ ಎಂದು ಕರೆಯುವವಳು ನನ್ನನ್ನು ಮಾತ್ರ “ನೀರಿನವರ” ಎನ್ನುತ್ತಿದ್ದಳು. ಅಣ್ಣ ಅನ್ನಲಿಲ್ಲವಲ್ಲ ಎಂಬುದನ್ನೇ ನಾನು ಹಿಡಿದುಕೊಂಡು ಕೂತೆ. ಎದುರಿಗೆ ಹೇಳುವ ಧೈರ್ಯ ಇಲ್ಲ. ಒಂದು ಮಧ್ಯಾಹ್ನ ಸುತ್ತ ಯಾರೂ ಇಲ್ಲದ್ದು ನೋಡಿ, ಕೊಡ ಬಗ್ಗಿಸುತ್ತ, ಹೇಳಬೇಕಾದದ್ದನ್ನು ನೀರಿಗೆ ಹೇಳಿಬಿಟ್ಟೆ. ಮೂರು ವರ್ಷಕ್ಕೆ ತೊಟ್ಟಿಗೆ ಬರುತ್ತದೆ, ಎಣ್ಣೆಗೆ ಬಂದವಳು ಕೇಳುತ್ತಾಳೆ, ಅಷ್ಟು ಹೊತ್ತಿಗೆ ನನಗೂ ಧೈರ್ಯ ಬಂದಿರುತ್ತದೆ ಎಂದು ನನ್ನ ಲೆಕ್ಕ. ಆ ಮಾತು ನನಗೆ ಬಾಯಿಪಾಠ: “ಬಾಳವ್ವ, ನೀನಂದ್ರ ನನ್ನ ಜೀವ. ನನ್ನ ಮನಿ ದೀಪ ನೀನ ಹಚ್ಚಬೇಕು.”

ಮುಂದಿನ ಯುಗಾದಿಗೆ ಅವಳ ಮದುವೆ ಆಯಿತು. ಗಂಡ ಗುರುಸಿದ್ದಪ್ಪ, ಏರುಬಾವಿಯ ಅಳತೆಕಟ್ಟೆಯಲ್ಲಿ ಎಣ್ಣೆ ಅಳೆದು ಕೊಡುವವನು. ಒಳ್ಳೆಯ ಮನುಷ್ಯ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ, ಭಯ ಆಗುತ್ತಿತ್ತು. ತೊಟ್ಟಿಯ ಪಕ್ಕದಲ್ಲೇ ಕೂರುವವನು ಅವನು. ಅವನ ಕಿವಿಗೇ ನನ್ನ ಮಾತು ಬಿದ್ದರೆ? ಇಪ್ಪತ್ತೆರಡು ವರ್ಷ, ‘ಬರಬೇಡ, ಬರಬೇಡ’ ಎಂದು ಮನಸ್ಸಿನಲ್ಲೇ ಅನ್ನುತ್ತ ನೀರು ಇಳಿಸಿದೆ. ನೀರು ಕೇಳಿತು ಅನ್ನಿ, ಬರಲಿಲ್ಲ. ಗುರುಸಿದ್ದಪ್ಪ ತೀರಿಕೊಂಡ. ಬಾಳವ್ವ ಅಳತೆಕಟ್ಟೆಗೆ ತಾನೇ ಬಂದು ಕೂತಳು, ಮಗಳು ಕಸ್ತೂರೆವ್ವನ ಮದುವೆ ಮಾಡಿ ಊರಲ್ಲೇ ಕೊಟ್ಟಳು. ಹದಿನೆಂಟು ವರ್ಷ ಹಾಗೇ ಹೋಯಿತು. ಈ ಹದಿನೆಂಟು ವರ್ಷ ನಾನು ‘ಬಾ, ಬಾ’ ಎನ್ನುತ್ತ ನೀರು ಇಳಿಸಿದ್ದು. ಆಗಲೂ ಬರಲಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆಲ್ಲ “ಇನ್ನೂ ಮೇಲೆ ಬಂದಿಲ್ಲ” ಎನ್ನುತ್ತಿದ್ದೆ. ಅವರು ಏನೋ ಒಂದು ಅರ್ಥ ಮಾಡಿಕೊಂಡು ಹೋಗುತ್ತಿದ್ದರು.

ಈ ಗುಟ್ಟನ್ನು ನಾನು ಹೇಳಿದ್ದು ಒಬ್ಬನಿಗೇ, ಏರುಬಾವಿಯ ಏತ ನಡೆಸುವ ಮೌಲಾಸಾಬನಿಗೆ. ನಾವಿಬ್ಬರೂ ಒಂದೇ ವಾರಿಗೆಯವರು. ಹೋದ ವರ್ಷ ನನಗೆ ಎದೆನೋವು ಬಂದು ಎಂಟು ದಿನ ಮಲಗಿದ್ದೆ. ಅವನು ದಿನಾ ಬಂದು ಚಹಾ ಕುಡಿಸಿ ಹೋಗುವನು. ಅಂಥ ಒಂದು ದಿನ ಬಾಯಿ ತಪ್ಪಿ ಹೇಳಿದೆ. ಅವನು ಚಹದ ಬಸಿ ಕೆಳಗಿಟ್ಟ. “ನಲವತ್ತೊಂದು ವರ್ಷ! ಲೇ ದೋಸ್ತ, ಬೆಟ್ಟ ಅಗದಿದ್ರೂ ಇಷ್ಟೊತ್ತಿಗೆ ಆಚಿ ಕಡಿ ಬಂದಿರ್ತಿದ್ದಿ ನೀ” ಅಂದ. ಆಮೇಲೆ ಏನೂ ಮಾತಾಡದೆ ಎದ್ದು ಹೋದ. ಅವನು ಮಾತಾಡದೆ ಎದ್ದುಹೋದದ್ದು ಅದೇ ಮೊದಲು. ನನಗೆ ಆಗಲೇ ತಿಳಿಯಬೇಕಿತ್ತು.

ಮರುದಿನದಿಂದ ಮೌಲಾಸಾಬ ಏತವನ್ನು ಜೋರು ಮಾಡಿದ. ನಿಮಿಷಕ್ಕೆ ನಾಲ್ಕು ಸಲ ತಲೆ ಬಾಗಿಸುತ್ತಿದ್ದದ್ದು ಹತ್ತು ಸಲ ಬಾಗಿಸತೊಡಗಿತು. ಕೆಳಗಿನದೆಲ್ಲವನ್ನೂ ಬೇಗ ಬೇಗ ಎಳೆದು, ದೋಸ್ತ ಬದುಕಿರುವಾಗಲೇ ಅವನ ಮಾತನ್ನು ಮೇಲೆ ತರಿಸಬೇಕೆಂಬುದು ಅವನ ಹಂಚಿಕೆ. ಮೊದಲ ವಾರ ಎಣ್ಣೆ ಭೋರೆಂದು ಬಂತು, ಮಾತುಗಳೂ ಬಂದವು: ಯಾರದೋ ನಗು, ಕೋಳಿ ಕರೆಯುವ ದನಿ, ಮೂರು ಹೆಂಗಸರು ‘ಉಂಡೇನು’ ಅಂದದ್ದು. ಎರಡನೇ ವಾರ ಎಣ್ಣೆ ತೆಳುವಾಯಿತು. ಮೂರನೇ ವಾರ ಬರೀ ನೀರು. ಒಂದು ಮಾತಿಲ್ಲ, ಒಂದು ಗುಳ್ಳೆಯಿಲ್ಲ. ಬಾಳವ್ವ ಅಳತೆಡಬ್ಬಿಯನ್ನು ಬೋರಲು ಹಾಕಿ ಕೂತಳು.

ನನಗೆ ಕಾಲುವೆಯ ನೀರು ನೋಡಿಯೇ ಗೊತ್ತಾಗಿತ್ತು. ನೇರ ಏರುಬಾವಿಗೆ ಹೋದೆ. ಮೌಲಾಸಾಬ ಏತದ ಕಂಬಕ್ಕೆ ಒರಗಿ ಕೂತಿದ್ದ. “ಏನ ಮಾಡಿದ್ಯೋ?” ಅಂದೆ. “ನಿನ್ನ ಮಾತು ತರ್ಸಾಕ ಹೋದ್ನೋ. ಊರ ದೀಪಾನ ಆರ್ಸಿಬಿಟ್ಟೆ” ಎಂದು ತಲೆಯ ಮೇಲೆ ಕೈಯಿಟ್ಟುಕೊಂಡ.

ಸಂಜೆ ಪಂಚರು ತೊಟ್ಟಿಯ ಮುಂದೆ ಕೂಡಿದರು. ಊರೆಲ್ಲ ಬಂದಿತ್ತು. ಹಿರಿಯ ಪಂಚ ಹಾಲಪ್ಪ ಗಂಟಲು ಸರಿಮಾಡಿಕೊಂಡು, ಬಾವಿ ಸತ್ತಿದೆ, ಎರಡೂ ಬಾವಿಗೆ ಕಲ್ಲು ತುಂಬಿ ಮುಚ್ಚಿಬಿಡುವುದು, ಬಡಗಣ ದಿನ್ನೆಯ ಮೇಲೆ ಹೊಸದು ಕೊರೆಯುವುದು ಎಂದ. ಏತ ಯಾರು ಜೋರು ಮಾಡಿದ್ದು ಎಂಬ ಮಾತು ಬಂತು. ಮೌಲಾಸಾಬ ಎದ್ದು ನಿಂತ. “ನಾನ ಮಾಡೇನಿ. ಯಾಕಂತ ಮಾತ್ರ ಕೇಳಬ್ಯಾಡ್ರಿ. ಹಾಕೂ ದಂಡ ಹಾಕ್ರಿ” ಅಂದ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಬಾವಿಗೆ ಕಲ್ಲು ತುಂಬಿದರೆ ನನ್ನ ಮಾತು ಅಲ್ಲೇ ಹೂತುಹೋಗುತ್ತದೆ. ನನ್ನದೊಂದೇ ಅಲ್ಲ, ಈ ವರ್ಷದ ಬಸುರಿಯರ ಮಾತೂ. ಅದಕ್ಕೇ ಎದ್ದೆ. ನಾನು ಸಭೆಯಲ್ಲಿ ಎದ್ದದ್ದು ನೋಡಿ ಎಲ್ಲರೂ ಸುಮ್ಮನಾದರು. ಅದೇ ಕಷ್ಟವಾಯಿತು. “ಬಾವಿ ಸತ್ತಿಲ್ರಿ” ಅಂದೆ. “ಕೆಳಗ ನೀರು ನೆಲಾ ಸಾರಿಸಿದಂಗ ಒಂದ ಸಮ ಏರಬೇಕು. ಅವಸರಾ ಮಾಡಿ ಎಳದ್ರ ಬಾವಿ ಬಾಯಾಗಷ್ಟ ಗುಡ್ಡಿ ಕಟ್ಟಿ ಏಳತೈತಿ. ಎಣ್ಣಿ ಸುತ್ತಾ ಹಂಗ ಉಳೀತೈತಿ. ನೀರಿಗೆ ಕುಂದ್ರಾಕ ಬಿಡ್ರಿ. ತಾನ ಇಳೀತೈತಿ.”

“ನೀರಿಗೆ ಒಂದು ಕುರ್ಚಿ ಹಾಕಸೂಣೇನ?” ಅಂದ ಹಾಲಪ್ಪ. ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಮಾತು ಅಷ್ಟಕ್ಕೇ ಮುಗಿಯಿತು, ಕೂತುಬಿಟ್ಟೆ.

ಆಗ ಬಾಳವ್ವ ಎದ್ದಳು. “ನಗೂದು ಆತಲ್ಲ? ಈಗ ಇಬ್ಬರು ಬಂದು ಇದನ್ನ ಎತ್ರಿ” ಎಂದು ಅಳತೆಕಟ್ಟೆಯ ಮೂಲೆಯಲ್ಲಿದ್ದ ಒರಳುಕಲ್ಲನ್ನು ತೋರಿಸಿದಳು. ಅದರಲ್ಲಿ ಅವಳು ಹದಿನೆಂಟು ವರ್ಷದಿಂದ ಗುರೆಳ್ಳು ಕುಟ್ಟುತ್ತಾಳೆ. ಗುರೆಳ್ಳಿನ ಎಣ್ಣೆ ಕುಡಿದು ಕುಡಿದು ಕಲ್ಲೇ ಕಪ್ಪಾಗಿದೆ. ಒರಳನ್ನು ಸಭೆಯ ನಡುವೆ ಇಟ್ಟರು. ಒಣಗಿದ ಕಲ್ಲನ್ನು ಹಾಲಪ್ಪನಿಗೆ ಮುಟ್ಟಿಸಿದಳು. “ಎಣ್ಣಿ ಕಾಣತೈತೇನಣ್ಣಾ?” “ಇಲ್ಲ.” ಬಿಸಿನೀರನ್ನು ಸಣ್ಣ ಧಾರೆಯಲ್ಲಿ ಬಿಟ್ಟಳು. ಸ್ವಲ್ಪ ಹೊತ್ತಿಗೆ ಕಲ್ಲಿನ ಮೈಯಿಂದ ಎಣ್ಣೆಯ ಹನಿಗಳು ಬಿಡಿಸಿಕೊಂಡು ಬಂದು ನೀರಿನ ಮೇಲೆ ಹೊಳೆಯುತ್ತ ಹರಡಿಕೊಂಡವು. “ಈಗ ಕಾಣತೈತಿ” ಅಂದ ಹಾಲಪ್ಪ. “ಹಂಗಾರ ತಗೀರಿ” ಎಂದು ಅವನ ಕೈಗೆ ಸೌಟು ಕೊಟ್ಟಳು. ಅವನು ಅವಸರದಲ್ಲಿ ಸೌಟು ಮುಳುಗಿಸಿ ಎತ್ತಿದ. ಸೌಟಿನ ತುಂಬ ನೀರು. ಎಣ್ಣೆ ಅಂಚಿಗೆ ಸರಿದು ನಿಂತಿತ್ತು. ಮತ್ತೆ ಮುಳುಗಿಸಿದ, ಮತ್ತೆ ನೀರು. ಬಾಳವ್ವ ಸೌಟು ಇಸಿದುಕೊಂಡು ಒರಳು ತಿಳಿಯಾಗುವವರೆಗೆ ಕಾದು, ಮೆಲ್ಲಗೆ, ಕೂಸಿನ ಬಾಯಿ ಒರೆಸುವ ಹಾಗೆ ಮೇಲಿನದನ್ನಷ್ಟೇ ತೆಗೆದಳು. ಅದನ್ನು ಹಣತೆಗೆ ಸುರಿದು ಹಚ್ಚಿದಳು. ಚಟಪಟ ಅಂದರೂ ದೀಪ ಉರಿಯಿತು.

“ನೀರಿನವರು ಅಂದದ್ದು ಇದನ್ನ” ಅಂದಳು. “ಕುರ್ಚಿ ಬ್ಯಾಡ. ಎಷ್ಟು ದಿನ ಬೇಕು ಅದನ್ನ ಕೇಳ್ರಿ.”

ನಲವತ್ತು ದಿನ ಅಂದೆ. ಎಲ್ಲಿಂದ ಆ ಸಂಖ್ಯೆ ಬಂತೋ, ಬಾಣಂತಿಗೆ ಕೊಡುವ ಲೆಕ್ಕ ನಾಲಿಗೆಯಲ್ಲಿತ್ತು.

ಆ ನಲವತ್ತು ದಿನ ಊರಲ್ಲಿ ಎಣ್ಣೆ ಇಲ್ಲ. ಕಷ್ಟ ಪಟ್ಟೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊತ್ತಿದ್ದಾಗಲೇ ಅಡಿಗೆ ಮುಗಿಸಿ ಎಲ್ಲರೂ ಮಾಳಿಗೆ ಹತ್ತಿ ಉಂಡರು. ಮಾಳಿಗೆಯಿಂದ ಮಾಳಿಗೆಗೆ ಪಲ್ಯದ ಬಟ್ಟಲು ದಾಟಿತು. ಯಾರ ಮನೆಯ ರೊಟ್ಟಿ ದಪ್ಪ, ಯಾರದು ತೆಳು ಎಂಬುದು ಊರಿಗೆಲ್ಲ ತಿಳಿದು ಎರಡು ಮನೆಯವರು ಮಾತು ಬಿಟ್ಟು, ನಾಲ್ಕು ದಿನಕ್ಕೆ ಮತ್ತೆ ಶುರು ಮಾಡಿದರು. ಏತ ಸುಮ್ಮನಿದ್ದದ್ದರಿಂದ ಊರಿಗೆ ಹಕ್ಕಿಗಳ ದನಿ ಕೇಳಿಸಿತು. ಮೌಲಾಸಾಬನಿಗೆ ಪಂಚರು ಹಾಕಿದ ದಂಡ ಅಂದರೆ ದಿನಾ ಏತಕ್ಕೆ ಒಂದು ಸಲ ಸಲಾಮು ಹೊಡೆಯುವುದು. ಅವನು ಎರಡು ಸಲ ಹೊಡೆಯುತ್ತಿದ್ದ. ನಾನು ಇಳಿಬಾವಿಗೆ ಕಾಲು ಕೊಡ, ಅರ್ಧ ಕೊಡ, ಅಷ್ಟೇ ಇಳಿಸುತ್ತಿದ್ದೆ. ಮಲಗಿದವರಿಗೆ ಹೊದಿಕೆ ಸರಿಮಾಡಿದ ಹಾಗೆ.

ನಲವತ್ತೊಂದನೆಯ ದಿನ ಬೆಳಿಗ್ಗೆ ಊರೆಲ್ಲ ಡಬ್ಬಿ ಹಿಡಿದು ತೊಟ್ಟಿಯ ಮುಂದೆ ನಿಂತಿತು. ಮೌಲಾಸಾಬ ಏತದ ಕಿವಿಯಲ್ಲಿ ಏನೋ ಹೇಳಿ, ನಿಮಿಷಕ್ಕೆ ಎರಡೇ ಸಲ ಬಾಗುವ ಹಾಗೆ ಬಿಟ್ಟ. ಮೊದಲು ನೀರು ಬಂತು. ಎಲ್ಲರೂ ನನ್ನನ್ನು ನೋಡಿದರು. ನಾನು ನನ್ನ ಕಾಲನ್ನು ನೋಡಿಕೊಂಡೆ. ಆಮೇಲೆ ನೀರಿನ ಮೇಲೆ ಒಂದು ಕಪ್ಪು ಎಳೆ ಕಂಡಿತು, ಎಳೆ ಹಗ್ಗವಾಯಿತು, ಹಗ್ಗ ಧಾರೆಯಾಯಿತು. “ಬಂತ ನೋಡೋ!” ಎಂದು ಮೌಲಾಸಾಬ ಕೂಗಿ ಟೊಪ್ಪಿಗೆ ಮೇಲಕ್ಕೆಸೆದ. ಅದು ಎಣ್ಣೆಯಲ್ಲೇ ಬಿತ್ತು.

ಮಾತುಗಳು ಬರತೊಡಗಿದವು. ಒಂದು ‘ಉಂಡೇನು’ ಬಂತು, ಯಾವುದೋ ಕೂಸು “ಉಂಡೆ!” ಎಂದು ಕೂಗಿತು. ಎತ್ತನ್ನು ಗದರಿಸಿದ್ದು ಬಂತು. ಆಮೇಲೆ ದೊಡ್ಡ ಗುಳ್ಳೆಯೊಂದು ಎದ್ದು ನಿಂತಿತು. ಬಹಳ ಆಳದಿಂದ ಬಂದದ್ದು ಅದು. ಒಡೆಯಿತು. ಒಬ್ಬ ಹುಡುಗನ ಕೆಮ್ಮು. ಮತ್ತೊಂದು ಕೆಮ್ಮು. ಅದು ನನ್ನದೇ. ಬರುತ್ತದೆ, ‘ನೀನಂದ್ರ ನನ್ನ ಜೀವ’ ಎಂದು ಈಗ ಬರುತ್ತದೆ ಎಂದು ಕಣ್ಣು ಮುಚ್ಚಿದೆ.

“ಅದು... ಏನಪಾ ಅಂದ್ರ...” ಅಂದಿತು ತೊಟ್ಟಿ. “ನಮ್ಮ ಎಮ್ಮಿ ಈದೈತಿ. ಗಿಣ್ಣಾ ಮಾಡೇನಿ. ಭಾಳ ಆಗೈತಿ. ಒಬ್ಬಾಂವಗ ತಿನ್ನಾಕ ಆಗೂದಿಲ್ಲ. ದಿನಾ ಇಬ್ರೂ ಕೂಡಿ ತಿಂದ್ರ... ಅಂದ್ರ, ಈ ವರ್ಷ ಅಂತಲ್ಲ, ಪ್ರತಿ ಸಲಾ ಎಮ್ಮಿ ಈದಾಗ...” ಆಮೇಲೆ ಒಂದು ಸೀನು. ಕೊಡ ಕಲ್ಲಿಗೆ ಬಡಿದ ಸದ್ದು. “ಹೋತ!” ಎಂಬ ಕೊನೆಯ ಮಾತು.

ಅಷ್ಟೇ. ಜೀವವೂ ಇಲ್ಲ, ದೀಪವೂ ಇಲ್ಲ. ಬಾಳವ್ವನ ಹೆಸರೂ ಇಲ್ಲ. ನಲವತ್ತೊಂದು ವರ್ಷ ನಾನು ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ನಾನು ಆಡಿಯೇ ಇರಲಿಲ್ಲ.

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಾಲಪ್ಪ ಕಣ್ಣೊರೆಸಿಕೊಂಡು, “ಯಾರದಪಾ ಇದು ದನಿ? ಗಿಣ್ಣದ ಧಣಿ ಯಾರು?” ಎಂದು ಕೇಳಿದ. ಎಳೆಯ ದನಿ, ಯಾರಿಗೂ ಗುರುತು ಸಿಗಲಿಲ್ಲ. ಮೌಲಾಸಾಬ ನನ್ನನ್ನೇ ನೋಡುತ್ತಿದ್ದ, ತುಟಿ ಕಚ್ಚಿಕೊಂಡು. ನಾನು ಬಾಯಿ ತೆರೆದರೆ ತೆರೆದೆ, ಇಲ್ಲದಿದ್ದರೆ ಇನ್ನು ಇಲ್ಲ.

ಅಳತೆಕಟ್ಟೆಯಿಂದ ದನಿ ಬಂತು. “ನೀರಿನವರ, ಆ ಗಿಣ್ಣಾ ಇನ್ನೂ ಐತೇನು?”

ನಗು ಅರ್ಧಕ್ಕೇ ನಿಂತಿತು. ಬಾಳವ್ವ ಅಳತೆಡಬ್ಬಿ ಹಿಡಿದುಕೊಂಡೇ ನಿಂತಿದ್ದಳು. “ಮಾತಿನಾಗ ಗುರ್ತ ಸಿಗಲಿಲ್ಲ. ಕೆಮ್ಮಿನಾಗ ಸಿಕ್ತು” ಅಂದಳು. “ನನ್ನ ಕಂಡಾಗೆಲ್ಲ ಹಂಗ ಎರಡು ಸಲಾ ಕೆಮ್ಮಿ, ಏನೂ ಅನ್ನದ ನೀರು ಸುರೀತಿದ್ರಿ.”

ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಈ ಸಲ ನನಗೆ ಸುರಿಯಲು ಕೊಡ ಇರಲಿಲ್ಲ. ಎರಡು ಸಲ ಕೆಮ್ಮಿದೆ. “ಆ ಎಮ್ಮಿ ಹೋಗಿ ಭಾಳ ವರ್ಷಾತು” ಅಂದೆ. “ಅದರ ಮರಿಮೊಮ್ಮಗಳು ಐತಿ. ಮುಂದಿನ ತಿಂಗಳ ಈಯೂದೈತಿ. ಬಾಳವ್ವ, ನೀ ಬಂದ್ರ...” ಇನ್ನೂ ಏನೋ ಹೇಳಬೇಕಿತ್ತು. ಜೀವ, ದೀಪ ಎಲ್ಲ ಹೇಳಬೇಕಿತ್ತು. “ನೀ ಬಂದ್ರ ಇಬ್ರೂ ಕೂಡಿ ತಿನ್ನೂಣು” ಅಂದೆ.

“ಅಷ್ಟ ಹೇಳಾಕ ಇಷ್ಟು ವರ್ಷ ನೆಲದಾಗಿಟ್ಟಿದ್ರಲ್ಲ” ಅಂದಳು. ಮುಖ ನಗುತ್ತಿತ್ತು. “ಅವ್ವಾ!” ಎಂದು ಕಸ್ತೂರೆವ್ವ ಸಾಲಿನಿಂದ ಓಡಿಬಂದಳು. ಏನನ್ನುತ್ತಾಳೋ ಎಂದು ನಾನು ಉಸಿರು ಹಿಡಿದೆ. ಅವಳು ತಾಯಿಯ ಕೈಯಿಂದ ಅಳತೆಡಬ್ಬಿ ತೆಗೆದುಕೊಂಡಳು. “ನೀ ಇಳದು ಹೋಗಬೇ. ಎಣ್ಣಿ ನಾ ಅಳೀತೀನಿ” ಅಂದಳು. ಬಾಳವ್ವ ಇಳಿದು ಬಂದಳು. ಮೌಲಾಸಾಬ ಎಣ್ಣೆ ಸೋರುವ ಟೊಪ್ಪಿಗೆಯನ್ನು ಮತ್ತೆ ಮೇಲಕ್ಕೆಸೆದ. ಅದು ಹಾಲಪ್ಪನ ತಲೆಯ ಮೇಲೆ ಬಿತ್ತು.

ನಾನು ಹೇಳಿದ ಹೊತ್ತಿಗೇ ಎಮ್ಮೆ ಈಯಿತು. ಮರುಮದುವೆಯ ಉಡಿಕಿ ಸೀರೆ ಉಟ್ಟು ಬಾಳವ್ವ ನನ್ನ ಮನೆಗೆ ಬಂದಳು. ಗಿಣ್ಣ ಮಾಡಿದ್ದು ನಾನು. ಅಳತೆಕಟ್ಟೆಯನ್ನು ಈಗ ಮಗಳು ನೋಡಿಕೊಳ್ಳುತ್ತಾಳೆ. ಬಾಳವ್ವ ಹೊತ್ತು ಏರಿದ ಮೇಲೆ ಬುತ್ತಿ ತಂದು ಇಳಿಬಾವಿಯ ಕಟ್ಟೆಯ ಮೇಲೆ ನನ್ನ ಪಕ್ಕ ಕೂರುತ್ತಾಳೆ.

ನಿನ್ನೆ ನಾನು ಕೊಡ ಬಗ್ಗಿಸಿದ್ದೆ. ಅವಳು, “ಗಿಣ್ಣದಾಗ ಬೆಲ್ಲಾ ಹೆಚ್ಚಾಗಿತ್ತು” ಅಂದಳು. “ಎಲ್ಲಿ ಹೆಚ್ಚಾಗಿತ್ತು? ಯಾಲಕ್ಕಿ ಕಡಿಮಿ ಆಗಿತ್ತು” ಅಂದೆ ನಾನು. “ನಾಲಗಿಗೆ ವಯಸ್ಸಾಗೇತಿ ನಿಮಗ.” “ನಿನಗ ಆಗಿಲ್ಲೇನು?” ಹೀಗೆ ಬಹಳ ಹೊತ್ತು ಆಡಿದೆವು, ನಡುನಡುವೆ ನಕ್ಕೆವು. ಕೊಡ ಬರಿದಾಗಿ ನೀರಿನ ಸದ್ದು ನಿಂತ ಮೇಲೆ ನನಗೆ ಎಚ್ಚರವಾಯಿತು. ಅಷ್ಟೂ ಕೆಳಗೆ ಹೋಗಿಯಾಗಿತ್ತು. ಬಾಳವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೂರು ವರ್ಷಕ್ಕೆ ಬರುತ್ತದೋ, ನಲವತ್ತಕ್ಕೆ ಬರುತ್ತದೋ, ಅದು ನೀರಿಗೆ ಬಿಟ್ಟದ್ದು. ಯಾವಾಗ ಬಂದರೂ, ಎಣ್ಣೆಗೆಂದು ಸಾಲಿನಲ್ಲಿ ನಿಂತವರು ಕೇಳಿಸಿಕೊಳ್ಳಲಿ. ಬೆಲ್ಲ ಸರಿಯಾಗಿಯೇ ಇತ್ತು.